ಕೋಟೆಗೂ ಬೀಗಕ್ಕೂ

ಚಹಾ ಆರುತ್ತಿದೆ, ಕುಡಿ, ಬೇಗಾಯಿಮ್.
ಯಾವುದು ಸುಲಭ ಎಂದೆಯಲ್ಲ,
ಈ ಅಡುಗೆಮನೆಯ ಬಾಗಿಲು ತಟ್ಟಿದವರೆಲ್ಲ
ಮೊದಲು ಕೇಳುವುದು ಅದನ್ನೇ.
ನಮ್ಮೂರು ಕಾಂಟ್. ನಿಮ್ಮ ಕಿರ್ಗಿಜ್ ಮಾತಿನಲ್ಲಿ ಸಕ್ಕರೆ.
ಸಕ್ಕರೆ ಕಾರ್ಖಾನೆಯ ಲೆಕ್ಕದ ಕೋಣೆಯಲ್ಲಿ
ಮೂವತ್ತೊಂದು ವರ್ಷ ಕೂತೆದ್ದವಳು ನಾನು,
ಆದರೂ ಸಿಹಿಸುಳ್ಳು ಬಾಯಿಗೆ ಬರುವುದಿಲ್ಲ:
ಎರಡೂ ಸುಲಭವಲ್ಲ.

ಅಣ್ಣ ಮಾಸ್ಕೋದಲ್ಲಿ ಹಿಮ ಗೋರುತ್ತಾನೆ,
ಅವನ ಬಳಿಗಾದರೆ ರಷ್ಯನ್.
ಡಾರ್ಟ್ಮುಂಡಿನಲ್ಲಿ ಮುದುಕರ ಮಗ್ಗುಲು ಹೊರಳಿಸಲಾದರೆ
ಜರ್ಮನ್. ನಿನ್ನ ಕೈಯಲ್ಲಿರುವುದು
ಒಂದು ಚಳಿಗಾಲ, ಒಂದು ನೋಟುಪುಸ್ತಕ.

ಜರ್ಮನ್ನಿನಲ್ಲಿ ಪ್ರತಿ ಪದದ ಬಾಗಿಲಲ್ಲೂ
ಒಬ್ಬ ಕಾವಲುಗಾರ: ಡೆರ್, ಡೀ, ಡಾಸ್.
ಚಮಚ ಗಂಡು. ಫೋರ್ಕು ಹೆಣ್ಣು.
ಚಾಕು ಎರಡೂ ಅಲ್ಲ. ಯಾಕೆನ್ನಬೇಡ,
ಅಜ್ಜಿಯನ್ನು ಕೇಳಿ ಅದೇ ಚಮಚದಲ್ಲಿ ಏಟು ತಿಂದಿದ್ದೇನೆ.
ನಿನ್ನಂಥ ಹುಡುಗಿಯೂ ನಪುಂಸಕವೇ ಅಲ್ಲಿ.
ಹೆಂಗಸಾದ ಮೇಲೆಯೇ ಹೆಣ್ಣಾಗುವುದು.

ರಷ್ಯನ್ ಕಾವಲಿಡುವುದಿಲ್ಲ. ಬಾಲ ನೋಡಿ
ಜಾತಿ ತಿಳಿ, ಅಷ್ಟೆ. ಆ ಬಾಲವೋ
ಆರು ವಿಭಕ್ತಿಗೆ ಆರು ಥರ ಅಲ್ಲಾಡುತ್ತದೆ.
"ನಾನು ಮನೆಯಲ್ಲಿ" ಎಂದರೆ ಸಾಕು,
"ಇದ್ದೇನೆ" ಎನ್ನಬೇಕಿಲ್ಲ. ಆರಾಮ, ಅಲ್ಲವೆ?
ಆದರೆ ಹೋಗುವುದಕ್ಕೆ ಎರಡು ಕ್ರಿಯಾಪದ:
ಬರೀ ಹೋಗುವುದಕ್ಕೊಂದು,
ಹೋಗಿ ಬರುವುದಕ್ಕೊಂದು.
ಹೋಗಿ ಬರುತ್ತೇನೆ ಎಂದು ಹೋದ ನಿನ್ನಣ್ಣನಿಗೆ
ಯಾವುದು ಹಾಕಬೇಕೆಂದು
ಮೊದಲ ವಾರವೇ ತಡವರಿಸುತ್ತೀಯ.

ಸಾವು ರಷ್ಯನ್ನಿನಲ್ಲಿ ಅವಳು, ಜರ್ಮನ್ನಿನಲ್ಲಿ ಅವನು.
ಚಂದ್ರನೂ ಹಾಗೆಯೇ ಗಡಿ ದಾಟುವಾಗ ಸೀರೆ ಬಿಚ್ಚಿ ಪಂಚೆ ಉಡುತ್ತಾನೆ
ಎನ್ನೋಣವೆಂದರೆ ಇಲ್ಲಿ ಸೀರೆಯೂ ಇಲ್ಲ ಪಂಚೆಯೂ ಇಲ್ಲ,
ನಗಬೇಡ, ಬೇಸಿಗೆಯ ಟೀವಿಯಲ್ಲಿ ಭಾರತದ ಸಿನಿಮಾ ನೋಡಿದವಳು ನಾನು.
ಏನಂದೆ? ನಿಮ್ಮಲ್ಲಿ ಒಂದೇ ಪದವೆ,
ಅವನಿಗೂ ಅವಳಿಗೂ ಅದಕ್ಕೂ? ಅಲ್.
ಹೌದು. ಅಲ್. ಎಷ್ಟು ವರ್ಷದಿಂದ ಕೇಳುತ್ತಿದ್ದೇನೆ,
ಇವತ್ತು ಕೇಳಿಸಿತು.

ಜರ್ಮನ್ನಿನಲ್ಲಿ "ಏಕೆಂದರೆ" ಬಂತೋ,
ಕ್ರಿಯಾಪದ ಎದ್ದು ವಾಕ್ಯದ ಕೊನೆಗೆ ಓಡುತ್ತದೆ.
ಅಮ್ಮ ಬಸ್ಸಿನಲ್ಲಿ ಮೈಮರೆತು ಶುರುಮಾಡುತ್ತಿದ್ದಳು,
ಯಾರೋ ತಿರುಗಿ ನೋಡುತ್ತಿದ್ದರು,
ಕ್ರಿಯಾಪದವನ್ನು ಅಲ್ಲೇ ನುಂಗುತ್ತಿದ್ದಳು.
ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ನಾವು:
ಏನು ಮಾಡಿದರಮ್ಮ, ಕೊನೆಗೆ?

ರಷ್ಯನ್ನಿನಲ್ಲೊಂದು ಅಕ್ಷರವಿದೆ,
ಅದಕ್ಕೆ ಸ್ವಂತ ದನಿಯಿಲ್ಲ.
ಹಿಂದೆ ನಿಂತ ವ್ಯಂಜನವನ್ನು ಮೆತ್ತಗೆ ಮಾಡುವುದೇ ಕೆಲಸ.
ಪಕ್ಕದ ಮನೆಯ ಕ್ಲಾವ್ದಿಯ ಹಾಗಿದ್ದಳು.
ಹುಡುಗರು ಫ್ಯಾಸಿಸ್ಟರೆಂದು ಕಲ್ಲೆಸೆದ ಸಂಜೆ
ಬಂದು ನಮ್ಮ ಹೊಸ್ತಿಲಲ್ಲಿ ಕೂತಳು,
ಒಂದು ಮಾತಾಡದೆ, ಕತ್ತಲಾಗುವವರೆಗೆ
ಸೂರ್ಯಕಾಂತಿ ಬೀಜ ಸುಲಿದಳು.
ಅವಳಿಂದ ಕಲಿತ ರಷ್ಯನ್ ನನ್ನದು.

ತಮ್ಮ ತೊಂಬತ್ತಮೂರರಲ್ಲೇ ಜರ್ಮನಿಗೆ ಹೋದ.
ಅಲ್ಲಿ ಅವನ ಮಕ್ಕಳಿಗೆ ನನ್ನ ಜರ್ಮನ್
ಸವೆದ ನಾಣ್ಯ, ಅಂಗಡಿಯಲ್ಲಿ ನಡೆಯುವುದಿಲ್ಲವಂತೆ.
ಇರಲಿ, ನಿನಗೆ ಹೊಸದನ್ನೇ ಕೊಡುತ್ತೇನೆ,
ಅದಕ್ಕೆ ಪುಸ್ತಕವಿದೆ.

ಒಂದು ಕೇಳು, ಆಮೇಲೆ ಹೊರಡು.
ರಷ್ಯನ್ನಿನಲ್ಲಿ ಮೊದಲಕ್ಷರ ಒತ್ತಿದರೆ ಜಾಮಕ್, ಕೋಟೆ.
ಎರಡನೆಯದನ್ನು ಒತ್ತಿದರೆ ಬೀಗ.
ಜರ್ಮನ್ನಿಗೆ ಆ ವ್ಯತ್ಯಾಸವೂ ಬೇಡ.
ಶ್ಲೊಸ್: ಕೋಟೆಯೂ ಅದೇ, ಬೀಗವೂ ಅದೇ.
ಎರಡು ಭಾಷೆಯ ನಡುವೆ ಬೆಳೆದು
ಎಪ್ಪತ್ತು ದಾಟಿದರೂ ನನಗೆ ತಿಳಿದಿಲ್ಲ,
ಯಾವುದರೊಳಗೆ ವಾಸವಿದ್ದೆ,
ಯಾವುದನ್ನು ಹೊರಗಿನಿಂದ ಜಗ್ಗಿದೆ.

"ನಮ್ಮಲ್ಲಿ ಬೀಗ ಬರೀ ಬೀಗ, ಅಜ್ಜಿ. ಕುಲ್ಪು."

ಸರಿ. ಗುರುವಾರ ಬಾ.
ಗೆರೆ ಹಾಕಿದ ಪುಸ್ತಕ ತಾ.
ಯಾವ ಭಾಷೆಯೆಂದು ಅವತ್ತೇ ಹೇಳು,
ಹೇಳದಿದ್ದರೂ ಬಾ.
ಹೋಗುವಾಗ ಬಾಗಿಲು ಎಳೆದುಕೋ,
ಚಿಲಕ ಸಡಿಲ, ಸ್ವಲ್ಪ ಎತ್ತಿ ಹಾಕಬೇಕು.