ಬಲಕ್ಕ ಕೆಂಪು

ಹುಮನಾಬಾದ್ ರಿಂಗ್ ರೋಡಿನ ಗ್ಯಾರೇಜಿನ ಶಟರ್ ಎಳೆದು
ಕೈಗೆ ಹತ್ತಿದ ಗ್ರೀಸು ಸೀಮೆಎಣ್ಣಿಲೆ ತೊಳಕೊಂಡು
ನಾ ವಿಮಾನದಾಗ ಕೂಡೋದು ರಾತ್ರಿ ಹತ್ತೂವರಿಗೆ.
ವಿಮಾನ ಅಂದ್ರ ಒಳಖೋಲಿ, ಒಂದು ಸ್ಟೂಲು,
ಮುಚ್ಚಿಹೋದ ಸೈಬರ್ ಕೆಫೆಯಿಂದ ತಂದ ಕಂಪ್ಯೂಟರು,
ಕಾಲ ಕೆಳಗ ಇನ್ನೂ ಆರದ ಶಹಾಬಾದ ಫರಸಿ.
ಖರೇ ವಿಮಾನ ಹತ್ತಿಲ್ಲ ನಾ. ಲಾರಿ ಹತ್ತೀನಿ,
ಅದೂ ವೈರಿಂಗ್ ಸುಟ್ಟಾಗ.

ಐದು ಸ್ವಿಚ್ಚು. ಗುಜರಿಗೆ ಹೋದ ಲಾರಿಯ ಡ್ಯಾಶ್‌ಬೋರ್ಡಿಂದ ಕಿತ್ತವು.
ಎಣ್ಣಿ ಡಬ್ಬಿ ತಗಡಿಗೆ ತೂತು ಹೊಡದು ಕೂಡಿಸೀನಿ.
ಹಿಂದಿನಿಂದ ಹತ್ತು ವೈರು ಹೋಗಿ
ಒಡದ ಜಾಯ್‌ಸ್ಟಿಕ್ಕಿನ ಹೊಟ್ಟಿಯೊಳಗಿಂದ ತಗದ ಬೋರ್ಡಿಗೆ ಸೇರ್ತಾವ.
ಜಗದೇವಿ ಉಗುರುಬಣ್ಣದಾಗ ಹೆಸರು ಬರದಾಳ:
ನ್ಯಾವ್. ಬೀಕನ್. ಸ್ಟ್ರೋಬ್. ಟ್ಯಾಕ್ಸಿ. ಲ್ಯಾಂಡಿಂಗ್.
ಲ್ಯಾಂಡಿಂಗಿಗೆ ತಗಡು ಸಾಲಲಿಲ್ಲ,
ಕಡೀ ಅಕ್ಷರ ಅಂಚು ದಾಟಿ ಆ ಕಡಿ ಹೋಗ್ಯದ.

ಬೀಕನ್ ಅಂದ್ರ ಇಂಜಿನ್ ಚಾಲು ಮಾಡೂಮುಂದ ಹಚ್ಚೋದು:
"ದೂರ ನಿಲ್ರಿ, ತಿರುಗತದ."
ಟ್ಯಾಕ್ಸಿ, ನೆಲದ ಮ್ಯಾಲ ದಾರಿ ನೋಡ್ಕೊಂಡು ಹೋಗ್ಲಿಕ್ಕ.
ಸ್ಟ್ರೋಬ್ ರನ್‌ವೇಗೆ ಬಂದಮ್ಯಾಲ, ಮೊದಲಲ್ಲ,
ಸುತ್ತ ನಿಂತವರ ಕಣ್ಣಿಗೆ ಹೊಡೀತದ.
ಇದು ನನಗ ಲಗೂ ತಿಳೀತು.
ಮೂವತ್ತು ವರ್ಷ ಡಿಪ್ಪರ್ ರಿಪೇರಿ ಮಾಡಿದವ,
ಎದುರು ಬರವನ ಕಣ್ಣಿಗೂ ಒಂದು ಮರ್ಯಾದಿ ಅದ ಅಂತ ಗೊತ್ತು.

ತಿಳೀದಿದ್ದು ಬ್ಯಾರೆ.
ಸೆಟಿಂಗಿನಾಗ ಎಲ್ಲಾ ಲೈಟಿಗೂ 'ಬದಲಿಸು' ಅಂತ ಕಟ್ಟಿದ್ದೆ.
ಒಮ್ಮೆ ಮಾಡಿದ್ರ ಹತ್ತತದ, ಮತ್ತೊಮ್ಮೆ ಮಾಡಿದ್ರ ಆರತದ. ಚಂದ.
ಆದ್ರ ಅವತ್ತು ನಡುವ ಕರೆಂಟ್ ಹೋತು.
ಬಂದಮ್ಯಾಲ ನೋಡಿದ್ರ ವಿಮಾನ ಹೊಸದಾಗಿ, ಕತ್ತಲದಾಗ, ಸುಮ್ಮ ನಿಂತದ.
ತಗಡಿನ ಮ್ಯಾಲ ಸ್ವಿಚ್ಚು ಮಾತ್ರ ಐದೂ ಮ್ಯಾಲಕ್ಕ.
ಕೆಳಗ ಮಾಡಿದೆ: ಹತ್ತಿದವು.
ಮ್ಯಾಲ ಮಾಡಿದೆ: ಆರಿದವು.
ಹೂಂ ಅಂದ್ರ ಇಲ್ಲ, ಇಲ್ಲ ಅಂದ್ರ ಹೂಂ.
ನಮ್ಮ ದೊಡ್ಡ ಷಡ್ಡಕ ಹಿಂಗೇ ಮಾತಾಡ್ತಾನ.

"ಮಿಸ್ತ್ರಿ, ಸ್ವಿಚ್ಚೇ ಕೆಟ್ಟಾವ" ಅಂದ ಮೌಲಾಲಿ, ಮರುದಿನ ಪಾನಾ ಒರೆಸ್ಕೋತ.
ಸ್ವಿಚ್ಚು ಕೆಟ್ಟಿಲ್ಲ. ವೈರು ಕೆಟ್ಟಿಲ್ಲ.
ಟೆಸ್ಟರ್ ಹಿಡದ್ರ ಸಿಗೂ ತಪ್ಪಲ್ಲ ಇದು,
ಮೂರು ರಾತ್ರಿ ಹಿಡದು ನೋಡೀನಿ.
'ಬದಲಿಸು' ಅನ್ನೋದು
ಈಗೇನದ ಅಂತ ಇಬ್ಬರಿಗೂ ಗೊತ್ತಿದ್ದಾಗಷ್ಟೇ ಆಡೂ ಮಾತು.
ಒಬ್ಬರು ನಡುವ ಮರತ್ರ
ಮುಂದಿನದೆಲ್ಲಾ ಉಲ್ಟಾ, ತಪ್ಪಿಲ್ಲದೇ ಉಲ್ಟಾ.

ನಾಕನೇ ರಾತ್ರಿ ಪಟ್ಟಿ ಇಳಸಿ ಇಳಸಿ ನೋಡಿದೆ.
ತಳಕ್ಕ ಇದ್ದವು, ಯಾರೂ ಕೇಳದ ಎರಡು ಸಾದಾ ಮಾತು:
'ಹಚ್ಚು.' 'ಆರಿಸು.'
ಸ್ವಿಚ್ಚು ಮ್ಯಾಲ ಹೋದಾಗ ಅದು, ಕೆಳಗ ಬಂದಾಗ ಇದು.
ಐದಕ್ಕೂ ಕಟ್ಟಿದೆ. ಟ್ಯಾಕ್ಸಿ, ಲ್ಯಾಂಡಿಂಗು ಅದಲುಬದಲಾದವು,
ಬಿಚ್ಚಿ ಮತ್ತ ಕಟ್ಟಿದೆ. ಒಂದು ಗಂಟಿ ಆಗಿತ್ತು.

ನೀರಿನ ತಂಬಿಗಿ ಇಡ್ಲಿಕ್ಕ ಬಂದ ಜಗದೇವಿ ಪರದೆ ನೋಡಿದಳು.
ವಿಮಾನ ಹೊರಗಿಂದ ಕಾಣಂಗ ಇಟ್ಟಿದ್ದೆ.
"ಎಡ ರೆಕ್ಕಿಗೆ ಕೆಂಪು ಅಂದಿದ್ರಿ.
ಇಲ್ಲಿ ಬಲಕ್ಕ ಅದ. ಮತ್ತ ಉಲ್ಟಾ ಕಟ್ಟೀರಿ."
"ಉಲ್ಟಾ ಅಲ್ಲ.
ಅದರ ಮಾರಿ ನಮ್ಮ ಕಡಿಗ್ಯದ.
ಕತ್ತಲದಾಗ ನಿನ್ನ ಬಲಕ್ಕ ಕೆಂಪು ಕಂಡ್ರ
ಬರೂದು ನಿನ್ನ ಕಡೀಗೇ ಅಂತ ತಿಳೀಬೇಕು."

ಆಕಿ ಏನೂ ಅನ್ನಲಿಲ್ಲ.
ಮೂಲ್ಯಾಗಿನ ತೊಗರಿ ಡಬ್ಬಿ ಎಳದು ಮ್ಯಾಲ ಕುಂತಳು,
ಸೆರಗಿನಿಂದ ಗಾಳಿ ಹಾಕ್ಕೋತ,
ಬಸ್ಸಿಗೆ ಕಾದವರಂಗ.
"ಬರಲಿ ಮತ್ತ," ಅಂದಳು.
"ಆ ನಡುವಿನ ದೊಡ್ಡದು ಆರಸ್ರಿ, ಕಣ್ಣಿಗೆ ಹೊಡೀಲತ್ತದ."

ಲ್ಯಾಂಡಿಂಗ್ ಸ್ವಿಚ್ಚು ಕೆಳಗ ಮಾಡಿದೆ.
ಆರಿತು.