ಲೀಟರಿಗೆ ಎಂಟು

ನನಗೆ ಹಾಲುಹಲ್ಲು ಬಂದ ವರ್ಷ
ಇದಕ್ಕೆ ನಂಬರು ಬಂತು, ಕೆಎ ಸೊನ್ನೆ ಒಂಬತ್ತು.
ಕೆಂಪು ಪಾಲಿಯೋ. ಒಂದು ಪಾಯಿಂಟ್ ಆರು.
ಆರನ್ನು ಒತ್ತಿ ಹೇಳಬೇಕು, ಇಲ್ಲದಿದ್ದರೆ ಜನ
ಒಂದು ಪಾಯಿಂಟ್ ಎರಡು ಅಂದುಕೊಂಡುಬಿಡುತ್ತಾರೆ.

ಲಕ್ಷ್ಮೀಪುರದ ಹಲ್ಲಿನ ಡಾಕ್ಟರು ವಿಜಯದೇವ ಅರಸು
ಶೆಡ್ಡಿನ ಬಾಗಿಲು ತೆಗೆದು, ಹೊದಿಕೆ ಎಳೆದು,
"ಓಡ್ತಾಳೆ ಕಣಮ್ಮ, ಆದ್ರೆ ಕುಡೀತಾಳೆ" ಅಂದರು.
ನನಗೆ ಕೇಳಿಸಿದ್ದು ಮೊದಲರ್ಧ.

ಒಂದು ಲಕ್ಷದ ಮೂವತ್ತೈದು ಸಾವಿರ.
ಅಂದರೆ, ಶಿವರಾಂಪೇಟೆಯ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ
ಬೇರೆಯವರ ಕಣ್ಣಿಗೆ ಗಾಜು ಉಜ್ಜಿದ ಎರಡೂವರೆ ವರ್ಷ,
ಸಾಲದ್ದಕ್ಕೆ ಅವ್ವನ ಚೀಟಿ.
ಚೀಟಿ ಎತ್ತಿದ್ದು ಏತಕ್ಕೆಂದು ಬೀದಿಯವರು ಕೇಳಿದ್ದಕ್ಕೆ
"ವಾಷಿಂಗ್ ಮಷೀನಿಗೆ" ಅಂದಳಂತೆ.
ಬೆಳಗ್ಗೆ ಆರಕ್ಕೆ ಹಿತ್ತಲಲ್ಲಿ
ಒಗೆಯುವ ಕಲ್ಲಿನ ಸದ್ದು ಈಗಲೂ ಇದೆ.

ಇನ್ಶೂರೆನ್ಸಿನ ಹುಡುಗ ಮೊದಲು ಪರದೆ ನೋಡಿದ, ಆಮೇಲೆ ನನ್ನ.
"ಇಷ್ಟು ಹಳೇ ಗಾಡಿಗೆ ಥರ್ಡ್ ಪಾರ್ಟಿ ಅಷ್ಟೇ ಮೇಡಂ."
ನಾನು ಹೋಗಿ ಯಾರಿಗಾದರೂ ಗುದ್ದಿದರೆ
ಗುದ್ದಿಸಿಕೊಂಡವರಿಗೆ ದುಡ್ಡು ಬರುತ್ತದೆ.
ನನಗೂ ಇದಕ್ಕೂ ದೇವರೇ ಗತಿ.
ಆರ್‌ಟಿಓದಲ್ಲಿ ಕೆಂಪು ಕಾರಿಗೆ ಹಸಿರು ತೆರಿಗೆ ಕಟ್ಟಿ
ಎಫ್‌ಸಿಗೆ ಮೂರು ಸಲ ತಿರುಗಿದೆ.
ಮೂರನೇ ಸಲ ಹಾರ್ನು ಕೂಗಲಿಲ್ಲ.

ಬನ್ನಿಮಂಟಪದ ಇಲಿಯಾಸಣ್ಣ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗಿಟ್ಟು
ಹಿಡಿಯನ್ನು ಕಿವಿಗಿಟ್ಟು ಕಣ್ಣು ಮುಚ್ಚುತ್ತಾನೆ.
ಪಕ್ಕದಲ್ಲಿ ನಾನು ಉಸಿರು ಹಿಡಿದು ನಿಲ್ಲುತ್ತೇನೆ,
ಸ್ಕ್ಯಾನಿಂಗಿಗೆ ಕರೆತಂದವಳ ಹಾಗೆ.
"ಹೆಡ್ ಬಿಚ್ಬೇಕು."
ಎಷ್ಟಾಗುತ್ತೆ ಅಂದರೆ, "ಬಿಚ್ಚಿದ್ಮೇಲೆ ಗೊತ್ತಾಗೋದು."

ಗ್ಯಾಸ್ಕೆಟ್ ಮೈಸೂರಲ್ಲಿಲ್ಲ, ಬೆಂಗಳೂರಲ್ಲಿಲ್ಲ.
ಕೊಯಮತ್ತೂರಿನಿಂದ, ಬಸ್ಸಿನ ಹಿಂದಿನ ಸೀಟಿನಡಿ ಮಲಗಿ,
ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಹತ್ತಿ
ಒಂಬತ್ತನೇ ದಿನ ಬಂತು.
ಬಿಚ್ಚಿ ನೋಡಿದರೆ
ಒಂದು ಪಾಯಿಂಟ್ ಎರಡರದ್ದು.

ಹಾಗಾಗಿ, ನಮ್ಮ ಬೀದಿಯಲ್ಲೇ ಜೋರಾದ ಕಾರಿನ ಒಡತಿ
ಶುಭದಾಳ ನಿಶ್ಚಿತಾರ್ಥಕ್ಕೆ ಶ್ರೀರಂಗಪಟ್ಟಣಕ್ಕೆ
ನಿಂತುಕೊಂಡು ಹೋದಳು, ಕೆಂಪು ಬಸ್ಸಿನಲ್ಲಿ,
ರೇಷ್ಮೆಯ ಸೆರಗಿಗೆ ಯಾರದೋ ಹಾಲಿನ ಕ್ಯಾನು ತಾಗಿಸಿಕೊಂಡು.
"ಎಲ್ಲೇ ನಿನ್ನ ರಾಕೆಟ್ಟು?"
ನಕ್ಕೆ. ಆ ತಿಂಗಳು ಉಡುಗೊರೆಯ ಕವರಿನಲ್ಲಿದ್ದದ್ದು ನೂರ ಒಂದು.

ಆದರೂ,
ಕೆಲವು ಭಾನುವಾರ, ಬೆಳಕು ಹರಿಯುವ ಮೊದಲು,
ಉತ್ತನಹಳ್ಳಿ ರಸ್ತೆಯಲ್ಲಿ ಮೂರನೇ ಗೇರು.
ಸೂಜಿ ನಾಲ್ಕು ಸಾವಿರ ದಾಟುತ್ತಿದ್ದ ಹಾಗೆ
ಅದರ ದನಿ ಒಡೆಯುತ್ತದೆ, ಮೀಸೆ ಚಿಗುರುವ ಹುಡುಗನ ದನಿಯಂತೆ.
ಬೆನ್ನು ಸೀಟಿಗೆ ಅಂಟುತ್ತದೆ.
ಯಾರ ಕನ್ನಡಕವೂ ಇಲ್ಲ, ಯಾರ ನಂಬರೂ ಇಲ್ಲ,
ರಸ್ತೆಯಷ್ಟೂ ನನ್ನ ಕಣ್ಣಿನದೇ.
ಆಗ ಲೆಕ್ಕ ಮರೆಯುತ್ತದೆ ಎನ್ನಬೇಕು ನಾನು.
ಮರೆಯುವುದಿಲ್ಲ:
ಕಿಲೋಮೀಟರಿಗೆ ಹನ್ನೆರಡು ಮುಕ್ಕಾಲು ರೂಪಾಯಿ.
ಮುಕ್ಕಾಲನ್ನೂ ಒತ್ತಿ ತುಳಿಯುತ್ತೇನೆ.

ಮೊನ್ನೆ ಒಬ್ಬ ಇಂಜಿನಿಯರಿಂಗ್ ಹುಡುಗ ಒಂದು ಅರವತ್ತು ಕೊಡ್ತೀನಿ ಅಂದ.
ಅವನ ಶೂ ನೋಡಿದೆ, ಹೊಸದು. ಅಪ್ಪನ ದುಡ್ಡು.
"ಯೋಚ್ನೆ ಮಾಡಿ ಹೇಳ್ತೀನಿ" ಅಂದವಳು
ಮೂರು ವಾರದಿಂದ ಫೋನ್ ಎತ್ತುತ್ತಿಲ್ಲ.

ಬಾಗಿಲ ಮುಂದೆ ಆಯಿಲ್ ಸೋರಿ ಬಿದ್ದ ಕಲೆ
ಸೋಪಿಗೆ ಹೋಗಲಿಲ್ಲ, ಸೀಮೆಎಣ್ಣೆಗೂ ಹೋಗಲಿಲ್ಲ.
ಈಗ ಅವ್ವ ಆ ಕಪ್ಪನ್ನೇ ನಡುವಿಗಿಟ್ಟು
ಸುತ್ತ ರಂಗೋಲಿಯ ಎಸಳು ಎಳೆಯುತ್ತಾಳೆ.
ನಾನು ಗಾಡಿ ಹಿಂದಕ್ಕೆ ತೆಗೆಯುವಾಗ
ಎಡಗಡೆಯ ಎರಡು ಎಸಳು ಚಕ್ರಕ್ಕೆ ಮೆತ್ತಿಕೊಳ್ಳುತ್ತವೆ.
ಅವಳು ಏನೂ ಅನ್ನುವುದಿಲ್ಲ.
ಕೈ ಪುಡಿ ಕೊಡವಿಕೊಳ್ಳುತ್ತಾ, ಕಿಟಕಿಗೆ ಬಾಗಿ,
"ಲೀಟರಿಗೆ ಎಷ್ಟು ಕೊಡುತ್ತೆ?"

"ಹದಿನಾಲ್ಕು ಕಣವ್ವ."