ಮುಳ್ಳಿಲ್ಲದ ಕಳ್ಳಿ

ಮಾಲ್ದಾರೆ ರಸ್ತೆಯ ಗಾಜಿನ ಮನೆಯಲ್ಲಿ
ಇನ್ನೂರ ಹನ್ನೊಂದು ಕುಂಡ. ಎಣಿಸುವವನು ನಾನು.
ಇನ್ನೂರ ಹತ್ತಕ್ಕೆ ಮುಳ್ಳಿದೆ.
ಒಂದು ಮಾತ್ರ ಮೂಲೆಯಲ್ಲಿ,
ಹಳೇ ಕೋಟಿನಿಂದ ಉದುರಿದ ಗುಂಡಿಯ ಹಾಗೆ
ಮಣ್ಣಿಗಂಟಿ ಕೂತಿದೆ, ಬೂದಿಹಸಿರು,
ಮುಳ್ಳಿರಬೇಕಾದಲ್ಲಿ ಚಿಟಿಕೆ ಚಿಟಿಕೆ ಹತ್ತಿ.

ಹದಿಮೂರು ವರ್ಷಕ್ಕೆ ಇಷ್ಟೇ ಇಷ್ಟು.
"ನೀರು ಹಾಕಿ ಕೊಂದೀಯ" ಅನ್ನುತ್ತಾರೆ
ಚಿಟ್ಟಿಯಪ್ಪ ಸಾವುಕಾರರು.
ಹೊರಗೆ ಕಕ್ಕಡ ಸುರಿಯುತ್ತಿರುತ್ತದೆ. ಒಳಗೆ ನಾನು
ಹನಿ ನುಸುಳದಂತೆ ಗಾಜಿನ ಸಂದಿಗೆ
ಹೆಜ್ಜೇನಿನ ಮೇಣ ಮೆತ್ತುತ್ತಿರುತ್ತೇನೆ.

ಕರೆಂಟು ಹೋದ ಒಂದು ಸಂಜೆ ಅವರೇ ಹೇಳಿದರು:
ಕಡಲಾಚೆ, ಮೆಕ್ಸಿಕೋದ ಬೆಟ್ಟದ ಜನ
ಇದನ್ನು ಹುಡುಕಿ ದಿನಗಟ್ಟಲೆ ನಡೆಯುತ್ತಾರೆ.
ಅವರಿಗಿದು ಗಿಡವಲ್ಲ, ಜಿಂಕೆ.
ಮೊದಲು ಕಂಡದ್ದಕ್ಕೆ ಬಾಣ ಹೂಡುತ್ತಾರೆ,
ಬೇರು ಬಿಟ್ಟು ತಲೆಯಷ್ಟೇ ಕೊಯ್ಯುತ್ತಾರೆ,
ಕಹಿ ನುಂಗಿ ರಾತ್ರಿಯಿಡೀ ಬೆಂಕಿಯೆದುರು ಕೂರುತ್ತಾರೆ.
ಬೆಂಕಿ ಅವರಿಗೆ ಅಜ್ಜ.

"ಏನು ಕಾಣುತ್ತದೆ?"
"ಬಣ್ಣ" ಅಂದರು. ತಡೆದು, "ನಾನು ತಿಂದವನಲ್ಲ ಮಾರಾಯ, ಓದಿದವನು."

ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಉಂಡು
ಮರುದಿನ ಉಚ್ಚೆ ಕೆಂಪಾಯಿತೆಂದು
ಮಗುವಿನಂತೆ ಸಾರುವ ಮನುಷ್ಯ. ಅಷ್ಟು ಮದ್ದು ಅವರಿಗೆ ಸಾಕು.
ನಾನೂ ಮೈಮೇಲೆ ಬಂದವರನ್ನು ಕಂಡಿದ್ದೇನೆ,
ಬೆಳಗಾದರೆ ಅವರೂ ಬೀಡಿಗೆ ಬೆಂಕಿ ಕೇಳುತ್ತಾರೆ.

ನನ್ನನ್ನು ಹಿಡಿದದ್ದು ಕೊನೆಗಂದ ಮಾತು:
ಆ ಜನ ದಾರಿ ಹಿಡಿದಾಗ ಎಲ್ಲರೆದುರು ನಿಂತು
ಕದ್ದು ಕೂಡಿದವರ ಹೆಸರು ಹೇಳಬೇಕಂತೆ,
ಹೆಸರಿಗೊಂದು ಗಂಟು, ಹಗ್ಗಕ್ಕೆ.
ಕೇಳಿದವರು ಸಿಟ್ಟಾಗಬಾರದು. ನಗಬಹುದು.
ಆಮೇಲೆ ಹಗ್ಗ ಅಜ್ಜನ ಬಾಯಿಗೆ.

ಹಗ್ಗದ ಮಾತು ಎತ್ತಬಾರದಿತ್ತು ಅವರು.

ಆ ರಾತ್ರಿ ನೆರಳುಬಲೆಯ ದಾರ ಬಿಚ್ಚಿ ಕೂತೆ.
ಏಲಕ್ಕಿ ಕದ್ದದ್ದು, ಒಂದು ಗಂಟು.
ಸಿದ್ದಾಪುರ ಸಂತೆಯ ಒಣಮೀನಿನವಳು, ಒಂದು.
ಅವಳ ತಂಗಿ, ಬರೀ ಮಾತು, ಅರ್ಧ ಗಂಟು.
ಆನೆ ಅಡ್ಡ ಬಂತೆಂದು ಕೆಲಸಕ್ಕೆ ಚಕ್ಕರ್, ಒಂಬತ್ತು.
ಜೇನಿಗೆ ಬೆಲ್ಲದ ಪಾಕ ಬೆರೆಸಿ ಹೋಂಸ್ಟೇಗೆ ಮಾರಿದ್ದಕ್ಕೆ
ಗಂಟು ಹಾಕಲಿಲ್ಲ. ಅವರು ಖುಷಿಯಾಗಿದ್ದರು.

ಆಮೇಲೆ ಬೊಳ್ಳ.

ಗಂಡ ಹೆಜ್ಜೇನಿನ ಮರ ಹತ್ತಿದರೆ
ಹಗ್ಗ ಹೆಂಡತಿಯ ಅಣ್ಣನ ಕೈಲಿರಬೇಕು.
ತಂಗಿ ಮುಂಡೆಯಾಗಲೆಂದು ಯಾವ ಅಣ್ಣ ಬಯಸುತ್ತಾನೆ,
ಅದು ಹಿರಿಯರ ಲೆಕ್ಕ.
ಆ ಲೆಕ್ಕದಲ್ಲಿ ಸಾರಾಯಿ ಇರಲಿಲ್ಲ.
ಅಮಾವಾಸ್ಯೆ. ಬೂರುಗದ ಮೇಲಿಂದ
ಹೊಗೆಸೂಡಿಯ ಕಿಡಿ ಇಳಿಯುತ್ತಿತ್ತು
ಕೆಂಪಾಗಿ, ಹಳದಿಯಾಗಿ, ಒಮ್ಮೊಮ್ಮೆ ನೀಲಿ.
ಅದನ್ನೇ ನೋಡುತ್ತ ನಿಂತೆ.
ಹಗ್ಗ ಹಳೇದಿತ್ತು ಅಂದೆ ಹಾಡಿಗೆ. ಗಂಗೆಗೂ.
ಎಲ್ಲರೂ ಸೇರಿ ಹಗ್ಗವನ್ನು ಬೈದರು.

ದಾರ ಇನ್ನೂ ಮೊಳದಷ್ಟು ಉಳಿದಿತ್ತು. ಬೆರಳು ಓಡಲಿಲ್ಲ.
ಕುಂಡ ಕೈಗೆಟುಕುವಲ್ಲಿ. ಚಾಕು ಇತ್ತು.
ತಿಂದರೆ ಅವನು ಕಂಡಾನು.
ಕಂಡರೆ ಏನನ್ನಲಿ?
ಅವರಲ್ಲಿ ಮೊದಲು ಗಂಟು, ಆಮೇಲೆ ನಡಿಗೆ, ಆಮೇಲಷ್ಟೇ ಕಹಿ.

ಚಾಕು ಒರೆಸಿಟ್ಟೆ.
ಪ್ಲಾಸ್ಟಿಕ್ ಕೊಪ್ಪೆ ಹೊದ್ದು, ಹಾಡಿಗೆ ನಾಲ್ಕು ಮೈಲಿ,
ಜಿಗಣೆ ಹತ್ತಿದವು, ಕೀಳಲಿಲ್ಲ.

ಗಂಗೆ ಒಲೆ ಊದುತ್ತಿದ್ದಳು. ಹಸಿ ಸೌದೆ.
ದಾರ ಮಡಿಲಿಗೆ ಹಾಕಿ ಕೊನೆ ತೋರಿಸಿದೆ:
"ಇಲ್ಲಿಗೊಂದು ಬೇಕು. ನೀನೇ ಹಾಕು."
ಯಾವುದಕ್ಕೆ ಅಂತ ಕೇಳಲಿಲ್ಲ ಅವಳು.
ಬಹಳ ಹೊತ್ತು ಊದಿದಳು.
ಕಣ್ಣೊರೆಸಿಕೊಂಡಳು, ಹೊಗೆಗೆ ಇರಬಹುದು.
ದಾರ ಎತ್ತಿ, ಉಗುರಲ್ಲಿ ಕೆರೆದು ನೋಡಿದಳು.

"ಇದು ನೈಲಾನು. ಉರಿಯೋದಿಲ್ಲ,
ಕರಗಿ ಕೈಗೇ ಅಂಟಿಕೊಳ್ಳುತ್ತೆ.
ಹೋಗು,
ನಾರು ತಗೊಂಡು ಬಾ."